ಸ್ಟೇಷನ್ ಗಡಿಯಾರ ನೋಡಿದ ಮೇಲೆ ಆ ಸೀನಿನ ಟೈಮ್ ಯಾರ ಕೈಗೆ ಹೋಗತ್ತೆ

ನಿನ್ನೆ ರಾತ್ರಿ ಮತ್ತೆ ಅದೇ ಸೀನ್ ಹಾಕ್ಕೊಂಡು ಕೂತೆ. ಡೈರೆಕ್ಟರ್ ಸೆರ್ಜಿಯೋ ಲಿಯೋನೆ ಅವರ 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್'ನಲ್ಲಿ ಜಿಲ್ ಅನ್ನೋ ಹೆಂಗಸು ಟ್ರೇನಿಂದ ಇಳಿಯೋ ಸೀನ್. ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ. ಆದ್ರೆ ನಿನ್ನೆ ಒಂದು ಬೇರೆ ಕೆಲಸ ಮಾಡ್ದೆ, ಮೊದಲು ಪೂರ್ತಿ ಮ್ಯೂಟ್ ಮಾಡಿ ನೋಡ್ದೆ, ಆಮೇಲೆ ಸ್ಕ್ರೀನ್ ಆಫ್ ಮಾಡಿ ಹೆಡ್‌ಫೋನಲ್ಲಿ ಬರೀ ಕೇಳ್ದೆ, ಕೊನೆಗೆ ಎರಡನ್ನೂ ಸೇರಿಸಿ ನೋಡ್ದೆ, ಹೀಗೆ ಮೂರು ಸುತ್ತು ಮುಗಿಸೋ ಹೊತ್ತಿಗೆ ಇಷ್ಟು ವರ್ಷ ನಾನು ಈ ಸೀನ್ ಬಗ್ಗೆ ಹೇಳ್ಕೊಂಡು ಬಂದಿದ್ದು ಅರ್ಧ ಮಾತ್ರ ಸರಿ ಅಂತ ಗೊತ್ತಾಯ್ತು, ಅದಕ್ಕೇ ಇದನ್ನ ಬರೀತಿದೀನಿ.

ಮ್ಯೂಟಲ್ಲಿ ಏನಿದೆ ಅಂತ ಮೊದಲು ಹೇಳ್ತೀನಿ. ಟ್ರೇನ್ ಬಂದು ನಿಲ್ಲತ್ತೆ. ಜನ ಇಳೀತಾರೆ, ಸಾಮಾನು ಇಳಿಸ್ತಾರೆ. ಜಿಲ್ ಪಾತ್ರ ಮಾಡಿರೋ ಕ್ಲಾಡಿಯಾ ಕಾರ್ಡಿನಾಲೆ ಇಳೀತಾಳೆ, ಪ್ಲಾಟ್‌ಫಾರ್ಮ್ ಮೇಲೆ ನಿಂತು ಆ ಕಡೆ ಈ ಕಡೆ ನೋಡ್ತಾಳೆ, ಯಾರೋ ಕರ್ಕೊಂಡು ಹೋಗೋಕೆ ಬರಬೇಕು, ಬಂದಿಲ್ಲ. ಸ್ಟೇಷನ್ ಗಡಿಯಾರ ನೋಡ್ತಾಳೆ, ತನ್ನ ವಾಚ್ ನೋಡ್ಕೋತಾಳೆ. ನಡ್ಕೊಂಡು ಸ್ಟೇಷನ್ ಆಫೀಸ್ ಒಳಗೆ ಹೋಗ್ತಾಳೆ, ಕಿಟಕಿ ಆಚೆಯಿಂದ ಅವಳು ಯಾರ ಹತ್ರನೋ ಮಾತಾಡೋದು ಕಾಣತ್ತೆ, ಆಮೇಲೆ ಅವಳು ಆ ಕಡೆ ಬಾಗಿಲಿಂದ ಊರೊಳಗೆ ಹೋಗ್ತಾಳೆ, ಕ್ಯಾಮೆರಾ ಮಾತ್ರ ಅವಳ ಹಿಂದೆ ಒಳಗೆ ಹೋಗದೆ ಹೊರಗೇ ಇದ್ದು ಗೋಡೆ ಉದ್ದಕ್ಕೂ ಮೇಲಕ್ಕೆ ಹತ್ತಿ ಛಾವಣಿ ದಾಟಿ ಆ ಕಡೆ ಇರೋ ಇಡೀ ಊರು ತೋರಿಸತ್ತೆ. ಅಷ್ಟೇ ಕಥೆ. ಸದ್ದಿಲ್ಲದೆ ನೋಡಿದ್ರೆ ಆ ಕ್ಯಾಮೆರಾ ಯಾಕೆ ಇಷ್ಟು ನಿಧಾನ ಅಂತ ಅನ್ಸತ್ತೆ. ಹಂಚುಗಳು ಒಂದೊಂದಾಗಿ ಕಣ್ಣ ಮುಂದೆ ಸರೀತಾ ಇರ್ತವೆ, ಇನ್ನೂ ಎಷ್ಟು ಹೊತ್ತು ಹಂಚು ನೋಡೋದು ಅಂತ ನನ್ನ ಕೈ ತಾನಾಗೇ ರಿಮೋಟ್ ಕಡೆ ಹೋಯ್ತು. ಇದೇ ಶಾಟ್ ಸೌಂಡ್ ಜೊತೆ ನೋಡುವಾಗ ಮುಗೀದೇ ಇರ್ಲಿ ಅಂತ ಅನ್ಸತ್ತೆ. ಒಂದೇ ಶಾಟ್, ಅಷ್ಟೇ ಸೆಕೆಂಡು, ಒಂದು ಸಲ ಎಳೆದಂಗಿತ್ತು, ಇನ್ನೊಂದು ಸಲ ಸಾಕಾಗ್ಲಿಲ್ಲ.

ಇಲ್ಲೇ ನಾನು ಸಿಕ್ಕಿಹಾಕ್ಕೊಂಡಿದ್ದು. ಮ್ಯೂಸಿಕ್ ಭಾವನೆ ತುಂಬತ್ತೆ ಅಂತ ಎಲ್ಲರೂ ಹೇಳ್ತಾರೆ, ನಾನೂ ಅದನ್ನೇ ಹೇಳ್ತಿದ್ದೆ. ಅದು ನಿಜಾನೇ, ಆದ್ರೆ ಅದಕ್ಕಿಂತ ಮುಂಚೆ ಅದು ಇನ್ನೊಂದು ಕೆಲಸ ಮಾಡತ್ತೆ. ಒಂದು ನೋಟ ಎಷ್ಟು ಹೊತ್ತು ನಿಲ್ಲಬಹುದು, ಒಂದು ನಡಿಗೆ ಎಷ್ಟು ಉದ್ದ ಇರಬಹುದು, ನಾವು ಯಾವಾಗ ಉಸಿರು ಬಿಡಬೇಕು ಅನ್ನೋದನ್ನ ಅದೇ ತೀರ್ಮಾನ ಮಾಡತ್ತೆ. ಸೀನಿನ ಗಡಿಯಾರ ಅದರ ಕೈಲಿ ಇರತ್ತೆ. ಭಾವನೆ ಆಮೇಲೆ, ಆ ಟೈಮಿನ ಒಳಗೆ ಬಂದು ಕೂತ್ಕೊಳ್ಳತ್ತೆ.

ಈ ಸೀನ್ ಎಲ್ಲಿ ಬರತ್ತೆ ಅನ್ನೋದು ಮುಖ್ಯ, ಅದನ್ನ ಬಿಟ್ಟು ಮ್ಯೂಸಿಕ್ ಬಗ್ಗೆ ಮಾತಾಡಿದ್ರೆ ಅರ್ಥ ಆಗಲ್ಲ. (ಸಿನಿಮಾ ನೋಡದೇ ಇರೋರು ಮೊದಲು ನೋಡಿ ಬಂದು ಓದಿ, ಮುಂದೆ ಕಥೆ ಹೇಳ್ತೀನಿ.) ಸಿನಿಮಾ ಶುರುವಾಗೋದೂ ಒಂದು ಸ್ಟೇಷನ್ನಲ್ಲೇ. ಮೂರು ಜನ ಗನ್ ಇಟ್ಕೊಂಡು ಟ್ರೇನಿಗೆ ಕಾಯ್ತಿರ್ತಾರೆ, ತುಂಬಾ ಹೊತ್ತು ಕಾಯ್ತಾರೆ, ಅಲ್ಲಿ ಮ್ಯೂಸಿಕ್ಕೇ ಇಲ್ಲ. ಗಾಳಿಯಂತ್ರ ಕಿರ್ ಅಂತ ತಿರುಗೋ ಸದ್ದು, ಒಬ್ಬನ ಟೋಪಿ ಮೇಲೆ ನೀರು ಹನಿಯೋ ಸದ್ದು, ಇನ್ನೊಬ್ಬನ ಮುಖದ ಮೇಲೆ ನೊಣ. ಅಷ್ಟೇ. ಆ ಸದ್ದುಗಳನ್ನೇ ಒಂದು ವಾದ್ಯಗೋಷ್ಠಿ ಥರ ಜೋಡಿಸಿದಾರೆ. ಟ್ರೇನ್ ಬಂದು ಹೋದ ಮೇಲೆ, ಯಾರೂ ಇಳೀಲಿಲ್ಲ ಅಂದ್ಕೊಂಡು ಅವರು ವಾಪಸ್ ತಿರುಗೋವಾಗ ಹಾರ್ಮೋನಿಕಾ ಕೇಳತ್ತೆ, ಅದೂ ಹೊರಗಿಂದ ಹಾಕಿದ ಮ್ಯೂಸಿಕ್ ಅಲ್ಲ, ಹಳಿಯ ಆ ಕಡೆ ನಿಂತಿರೋ ಮನುಷ್ಯನೇ ಊದ್ತಿರೋದು. ಅಂದ್ರೆ ಇಲ್ಲೀವರೆಗೂ ನಮ್ಮ ಕಿವಿಗೆ ಆರ್ಕೆಸ್ಟ್ರಾ ಅನ್ನೋದನ್ನ ಕೊಟ್ಟೇ ಇಲ್ಲ.

ಅದಾದ ಮೇಲೆ ಮೆಕ್‌ಬೇನ್ ಅನ್ನೋನ ಮನೆ. ಹೊಸ ಹೆಂಡತಿ ಜಿಲ್ ಬರ್ತಾಳೆ ಅಂತ ಅಂಗಳದಲ್ಲಿ ಟೇಬಲ್ ಹಾಕಿ ಊಟ ಜೋಡಿಸ್ತಿದಾರೆ. ಅವತ್ತೇ ಎಲ್ಲರನ್ನೂ ಗುಂಡಿಟ್ಟು ಕೊಲ್ತಾರೆ, ಅವಳನ್ನ ಕರ್ಕೊಂಡು ಬರೋಕೆ ಹೊರಟಿದ್ದ ದೊಡ್ಡ ಮಗನೂ ಸೇರಿ. ಅಲ್ಲೂ ಮೊದಲು ಮ್ಯೂಸಿಕ್ ಇಲ್ಲ, ಹುಳಗಳ ಸದ್ದು ಇದ್ದಕ್ಕಿದ್ದಂಗೆ ನಿಂತು ಹೋಗೋದೇ ಭಯ. ಮನೆಯೊಳಗಿದ್ದ ಚಿಕ್ಕ ಹುಡುಗ ಓಡಿ ಬಂದು ಹೊರಗೆ ಹೆಣಗಳನ್ನ ನೋಡೋ ಕ್ಷಣಕ್ಕೆ ಎಲೆಕ್ಟ್ರಿಕ್ ಗಿಟಾರ್ ಹರಿದು ಹಾಕಿದಂಗೆ ಬರತ್ತೆ. ಆ ಮಗುವಿನ ಮೇಲೆ ಹಾರಿಸಿದ ಗುಂಡಿನ ಸದ್ದು ಮತ್ತೆ ಮುಂದಿನ ಸೀನಿನ ಟ್ರೇನ್ ಸದ್ದು ಒಂದರೊಳಗೊಂದು ಸೇರಿ ನಾವು ಸೀದಾ ಜಿಲ್ ಇಳಿಯೋ ಸ್ಟೇಷನ್ನಿಗೆ ಬಂದು ಬೀಳ್ತೀವಿ.

ಹಾಗಾಗಿ ಅವಳು ಪ್ಲಾಟ್‌ಫಾರ್ಮಲ್ಲಿ ನಗ್ತಾ ನಿಂತಾಗ ನಮಗೆ ಎಲ್ಲಾ ಗೊತ್ತು, ಅವಳಿಗೆ ಏನೂ ಗೊತ್ತಿಲ್ಲ. ಯಾರೂ ಬರಲ್ಲ. ಬರಬೇಕಾದೋರೆಲ್ಲ ಸತ್ತಿದಾರೆ.

ಈಗ ನೀವೇ ಕಂಪೋಸರ್ ಅಂದ್ಕೊಳ್ಳಿ. ಏನು ಹಾಕ್ತೀರಿ? ದುಃಖದ ವಯೊಲಿನ್ ಒಂದು ದಾರಿ, ಪಾಪ ಇವಳಿಗೆ ಗೊತ್ತಿಲ್ಲವಲ್ಲ ಅಂತ. ಅಥವಾ ಕೆಳಗೆ ಒಂದು ಭಾರದ ಸ್ವರ ಹಿಡಿದಿಟ್ಟು, ಇಲ್ಲೇನೋ ಸರಿ ಇಲ್ಲ ಅಂತ ಹೆದರಿಸಬಹುದು. ಎರಡೂ ತಪ್ಪು ಅಂತಲ್ಲ, ಎರಡೂ ಸೀನಿಗೆ ಹೊಂದತ್ತೆ. ಆದ್ರೆ ಎರಡೂ ನಮಗೆ ಈಗಾಗ್ಲೇ ಗೊತ್ತಿರೋದನ್ನೇ ಮತ್ತೆ ಹೇಳತ್ತೆ. ಈ ಸಿನಿಮಾದ ಕಂಪೋಸರ್ ಎನ್ನಿಯೋ ಮೊರಿಕೋನೆ ಆ ಎರಡನ್ನೂ ಮುಟ್ಟಿಲ್ಲ. ನಮಗೂ ಗೊತ್ತಿಲ್ಲದ, ಅವಳಿಗೂ ಗೊತ್ತಿಲ್ಲದ ಒಂದು ವಿಷಯವನ್ನ ಮ್ಯೂಸಿಕ್ ಕೈಲಿ ಹೇಳಿಸ್ತಾರೆ, ಏನು ಅಂತ ಮುಂದೆ ಹೇಳ್ತೀನಿ.

ಟ್ರೇನ್ ಬಂದ ತಕ್ಷಣ ಮ್ಯೂಸಿಕ್ ಇಲ್ಲ. ಇದು ಚಿತ್ರ ನೋಡ್ತಾ ಕೇಳುವಾಗ ಗೊತ್ತಾಗ್ದೇ ಹೋಗಬಹುದು, ಬರೀ ಕೇಳುವಾಗ ಚೆನ್ನಾಗಿ ಗೊತ್ತಾಗತ್ತೆ. ಇಂಜಿನ್ ಉಸಿರು, ಜನರ ಗಲಾಟೆ, ಹೆಜ್ಜೆ, ಸಾಮಾನು ಎಳೆಯೋ ಸದ್ದು, ಎಲ್ಲಾ ತುಂಬಿದೆ. ಜನ ಕರಗ್ತಾ ಹೋದಂಗೆ ಸದ್ದೂ ಕರಗತ್ತೆ. ಅವಳು ಒಂಟಿ ಆಗ್ತಾಳೆ. ಗಡಿಯಾರ ನೋಡೋ ಹೊತ್ತಿಗೆ ಸಣ್ಣಗೆ, ಮಣಿ ತಟ್ಟಿದಂಗೆ ಒಂದೊಂದೇ ಸ್ವರ ಶುರುವಾಗತ್ತೆ. ಅದು ಮ್ಯೂಸಿಕ್ಕೋ ಗಡಿಯಾರದ ಸದ್ದೋ ಅಂತ ಒಂದು ಕ್ಷಣ ಗೊತ್ತಾಗಲ್ಲ, ನನಗಂತೂ ಪ್ರತಿ ಸಲ ಹಂಗೇ ಅನ್ಸತ್ತೆ. ಗಡಿಯಾರ ನೋಡಿದಾಗ ಅವಳಿಗೆ ತಿಳಿಯೋದು ಇಷ್ಟೇ, ಹೇಳಿದ ಟೈಮ್ ಮುಗೀತು, ಯಾರೂ ಬಂದಿಲ್ಲ. ಆ ಲೆಕ್ಕದ ಟೈಮ್ ಮುಗಿಯೋ ಜಾಗದಲ್ಲೇ ಮ್ಯೂಸಿಕ್‌ನ ಟೈಮ್ ಶುರು. ಇಲ್ಲಿಂದ ಮುಂದೆ ಗಂಟೆ ನಿಮಿಷಕ್ಕೆ ಸೀನಲ್ಲಿ ಬೆಲೆ ಇಲ್ಲ, ಅವಳು ನಡೆಯೋದು ಕ್ಯಾಮೆರಾ ಸರಿಯೋದು ಎಲ್ಲಾ ಬೇರೆ ಗಡಿಯಾರದ ಪ್ರಕಾರ.

ಕಂಪೋಸರ್‌ಗಳ ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು ಅಂತ ನನ್ನ ಅಭಿಪ್ರಾಯ, ಎಲ್ಲಿ ಶುರು ಮಾಡಬೇಕು ಅನ್ನೋದು. ಟ್ಯೂನ್ ಆಮೇಲೆ. ಟ್ರೇನ್ ನಿಂತ ಕೂಡ್ಲೇ ಇದೇ ಟ್ಯೂನ್ ಹಾಕಿದ್ರೆ ಅದು ಒಂದು ಚಂದದ ಎಂಟ್ರಿ ಮ್ಯೂಸಿಕ್ ಆಗ್ತಿತ್ತು, ಹೀರೋಯಿನ್ ಬಂದ್ಲು ಅಂತ. ಆಫೀಸ್ ಒಳಗೆ ಹೋದ ಮೇಲೆ ಹಾಕಿದ್ರೆ ಊರಿನ ಮ್ಯೂಸಿಕ್ ಆಗ್ತಿತ್ತು. ಕಾದು ಕಾದು, ಯಾರೂ ಬರಲ್ಲ ಅಂತ ಅವಳಿಗೆ ಅನ್ಸೋ ಹೊತ್ತಿಗೆ ಶುರು ಮಾಡಿದ್ರಿಂದ ಅದು ಅವಳ ಒಳಗಿಂದ ಬಂದಂಗಿದೆ.

ಆಮೇಲೆ ತಂತಿ ವಾದ್ಯಗಳು ಮೆತ್ತಗೆ ಬರ್ತವೆ. ಅವಳು ನಡೆಯೋಕೆ ಶುರು ಮಾಡ್ತಾಳೆ, ಅದರ ಮೇಲೆ ಗಾಯಕಿ ಎಡ್ಡಾ ಡೆಲ್'ಓರ್ಸೋ ಅವರ ದನಿ. ಪದ ಇಲ್ಲ. ಬರೀ ದನಿ, ಆಲಾಪನೆ ಥರ, ಮೇಲಕ್ಕೆ ಒಂದು ಸಲ ಹಾರಿ ಆಮೇಲೆ ನಿಧಾನ ಇಳಿಯತ್ತೆ. ಈ ದನಿ ಬಗ್ಗೆ ಎಷ್ಟು ಬರೆದ್ರೂ ಸಾಲದು ನನಗೆ. ಮೊರಿಕೋನೆ ಇಲ್ಲಿ ಹಾಡು ಬರೆದಿಲ್ಲ, ಮನುಷ್ಯರ ದನಿಯನ್ನ ಆರ್ಕೆಸ್ಟ್ರಾದ ಇನ್ನೊಂದು ವಾದ್ಯವಾಗಿ ಕೂರಿಸಿದಾರೆ, ವಯೊಲಿನ್ ಪಕ್ಕ, ಹಾರ್ನ್ ಪಕ್ಕ. ಪದ ಇದ್ದಿದ್ರೆ ನಾವು ಅರ್ಥ ಹುಡುಕ್ತಿದ್ವಿ, ಅರ್ಥ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ತಿದ್ವಿ. ಪದ ಇಲ್ಲದ ಕಾರಣ ಕೇಳೋನು ತನಗೆ ಗೊತ್ತಿರೋ ಎಲ್ಲಾ ಸಂಕಟವನ್ನೂ ಅದರಲ್ಲಿ ಇಡಬಹುದು.

ಮತ್ತೆ ಈ ದನಿ ಸರಿಯಾಗಿ ಎಲ್ಲಿ ಕೆಲಸಕ್ಕೆ ಬರತ್ತೆ ನೋಡಿ. ಅವಳು ಆಫೀಸ್ ಒಳಗೆ ಮಾತಾಡ್ತಿದಾಳೆ, ನಮಗೆ ಮಾತು ಕೇಳಲ್ಲ, ನಾವು ಕಿಟಕಿ ಹೊರಗೆ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿ ಎರಡು ಡೈಲಾಗ್ ಇಡ್ತಿದ್ರು, ನನ್ನನ್ನ ಕರ್ಕೊಂಡು ಹೋಗೋಕೆ ಬರಬೇಕಿತ್ತು, ಈ ಜಾಗಕ್ಕೆ ಹೋಗೋದು ಹೇಗೆ, ಹೀಗೆ. ಲಿಯೋನೆ ಆ ಮಾತನ್ನ ಗಾಜಿನ ಹಿಂದೆ ಇಟ್ಟು ಅದರ ಜಾಗದಲ್ಲಿ ಇನ್ನೊಂದು ಹೆಣ್ಣು ದನಿ ಕೇಳಿಸ್ತಾರೆ. ಬಾಯಿ ಅಲ್ಲಾಡೋದು ಒಬ್ಬಳದು, ದನಿ ಇನ್ನೊಬ್ಬರದು. ಅವಳು ಆ ಸ್ಟೇಷನ್ ನೌಕರನ ಹತ್ರ ಕೇಳ್ತಿರೋದು ಮಾಮೂಲಿ ವಿಚಾರ, ನಮಗೆ ಕೇಳ್ತಿರೋದು ಅವಳಿಗೇ ಇನ್ನೂ ಗೊತ್ತಿಲ್ಲದ ಮಾತು.

ಛಾವಣಿ ಹತ್ತೋ ಶಾಟ್‌ಗೆ ಬರ್ತೀನಿ. ಬರೀ ಕೇಳಿದಾಗ ಇಲ್ಲಿ ಏನಾಗತ್ತೆ ಅಂದ್ರೆ, ವಾಲ್ಯೂಮ್ ಜಾಸ್ತಿ ಆಗತ್ತೆ ಅನ್ನೋದು ತೀರಾ ಮೇಲಿನ ಮಾತು. ವಾಲ್ಯೂಮ್ ಬಟನ್ ತಿರುಗಿಸಿದ್ರೂ ಜಾಸ್ತಿ ಆಗತ್ತೆ, ಅದರಿಂದ ಮೈ ಜುಂ ಅನ್ನಲ್ಲ. ಆರ್ಕೆಸ್ಟ್ರಾ ದೊಡ್ಡದಾಗೋದು ಬೇರೆ ಥರ, ಜನ ಬಂದು ಸೇರ್ಕೊಂಡಂಗೆ. ಮೊದಲು ದನಿ ಮೇಲೆ ತೇಲ್ತಿತ್ತು, ಕೆಳಗೆ ಹೆಚ್ಚೇನೂ ಇರಲಿಲ್ಲ, ಮಂದ್ರ ಖಾಲಿ ಬಿಟ್ಟಿದ್ರು. ಕ್ಯಾಮೆರಾ ಗೋಡೆ ಬಿಟ್ಟು ಮೇಲಕ್ಕೆ ಏಳೋವಾಗ ಆ ಖಾಲಿ ಜಾಗ ತುಂಬತ್ತೆ, ತಂತಿಗಳೆಲ್ಲ ಒಟ್ಟಿಗೆ ಟ್ಯೂನ್ ಹಿಡೀತವೆ, ಹಾರ್ನ್‌ಗಳು ಸೇರ್ಕೋತವೆ, ಕೆಳಗಿಂದ ಬೇಸ್ ಎತ್ತಿ ಹಿಡಿಯತ್ತೆ. ಕಣ್ಣು ಮೇಲೆ ಹೋಗ್ತಾ ಇದೆ, ಕಿವಿ ಕೆಳಗೂ ಹೋಗ್ತಾ ಇದೆ. ಎರಡೂ ಒಂದೇ ಹೊತ್ತಿಗೆ ಆಗೋದ್ರಿಂದ ಜಾಗ ದೊಡ್ಡದಾಯ್ತು ಅಂತ ಮೈಗೇ ಗೊತ್ತಾಗತ್ತೆ, ಊರು ಕಣ್ಣಿಗೆ ಕಾಣೋ ಮುಂಚೆನೇ. ಹಂಚು ಮಾತ್ರ ಕಾಣ್ತಿರೋವಾಗ ಮ್ಯೂಸಿಕ್ ಬರೋದನ್ನ ಹೇಳ್ತಿರತ್ತೆ, ಆ ಕಡೆ ಏನೋ ದೊಡ್ಡದಿದೆ ಅಂತ. ಅದಕ್ಕೇ ಹಂಚು ಬೋರ್ ಹೊಡೆಸಲ್ಲ. ಆಮೇಲೆ ಛಾವಣಿ ಅಂಚು ದಾಟಿ ಊರು ತೆರ್ಕೊಳ್ಳತ್ತೆ, ಗಾಡಿಗಳು, ಧೂಳು, ಅರ್ಧ ಕಟ್ಟಿದ ಮನೆಗಳು, ಕೆಲಸ ಮಾಡೋ ಜನ, ಅದರ ಮಧ್ಯ ಅವಳು ಎಷ್ಟು ಚಿಕ್ಕದಾಗಿ ಕಾಣ್ತಾಳೆ ಅಂದ್ರೆ.

ನಮಗೂ ಅವಳಿಗೂ ಗೊತ್ತಿಲ್ಲದ ವಿಷಯ ಅಂದೆನಲ್ಲ, ಅದು ಇದು. ನಾವು ಅವಳನ್ನ ಈಗಷ್ಟೇ ಗಂಡನ ಕಳ್ಕೊಂಡ ಪಾಪದ ಹೆಂಗಸು ಅಂತ ನೋಡ್ತಿದ್ವಿ. ಮ್ಯೂಸಿಕ್ ಅವಳನ್ನ ಹಂಗೆ ನೋಡ್ತಾನೇ ಇಲ್ಲ. ಇದು ಇವಳ ಜಾಗ, ಇಲ್ಲಿ ಬದುಕಿ ಉಳಿಯೋಳು ಇವಳು ಅಂತ ಎರಡೂವರೆ ಗಂಟೆ ಮೀರಿದ ಸಿನಿಮಾದ ಶುರುವಲ್ಲೇ ಹೇಳಿಬಿಡತ್ತೆ. ಅದು ನಿಜ ಅಂತ ನಮಗೆ ಗೊತ್ತಾಗೋದು ಕೊನೇ ರೀಲಲ್ಲಿ.

ಇಷ್ಟು ಕರೆಕ್ಟಾಗಿ ಕ್ಯಾಮೆರಾ ಮತ್ತೆ ಮ್ಯೂಸಿಕ್ ಕೂಡಿದ್ದು ಹೇಗೆ? ಇದಕ್ಕೆ ಉತ್ತರ ತಲೆಕೆಳಗಿದೆ. ಲಿಯೋನೆ ಮತ್ತೆ ಮೊರಿಕೋನೆ ಚಿಕ್ಕಂದಿನಲ್ಲಿ ಒಂದೇ ಕ್ಲಾಸಲ್ಲಿ ಓದಿದೋರು, ಈ ಸಿನಿಮಾ ಹೊತ್ತಿಗೆ ಮೂರು ಸಿನಿಮಾ ಒಟ್ಟಿಗೆ ಮಾಡಿ ಮುಗಿಸಿದ್ರು. ಇದರ ಮುಖ್ಯ ಥೀಮ್‌ಗಳನ್ನ ಶೂಟಿಂಗ್‌ಗೆ ಮುಂಚೆನೇ ಬರೆದು ರೆಕಾರ್ಡ್ ಮಾಡಿ, ಸೆಟ್ಟಲ್ಲಿ ಪ್ಲೇ ಮಾಡ್ಕೊಂಡು ಶೂಟ್ ಮಾಡಿದ್ರು. ಅಂದ್ರೆ ಕಾರ್ಡಿನಾಲೆ ನಡೆಯೋದು, ಕ್ಯಾಮೆರಾ ಹೊತ್ತ ಕ್ರೇನ್ ಏರೋದು, ಎಲ್ಲಾ ಆ ಮ್ಯೂಸಿಕ್ ಕೇಳ್ಕೊಂಡೇ ಆಗಿದ್ದು. ಕ್ರೇನ್ ವೇಗ ತೀರ್ಮಾನ ಮಾಡಿದ್ದು ಟ್ಯೂನ್. ಮ್ಯೂಟಲ್ಲಿ ಅದು ಯಾಕೆ ವಿಚಿತ್ರ ನಿಧಾನ ಅನ್ಸಿತ್ತು ಅಂತ ಈಗ ಗೊತ್ತಾಯ್ತಲ್ಲ, ತಾಳ ತೆಗೆದ ಮೇಲೆ ಕುಣಿತ ನೋಡಿದಂಗೆ.

ಮಾಮೂಲಿಯಾಗಿ ಹಿಂಗಾಗಲ್ಲ. ಸಿನಿಮಾ ಎಡಿಟ್ ಮುಗಿದ ಮೇಲೆ ಕಂಪೋಸರ್ ಕೈಗೆ ಬರತ್ತೆ. ಡೈರೆಕ್ಟರ್ ಮತ್ತೆ ಕಂಪೋಸರ್ ಕೂತು ಎಲ್ಲಿಂದ ಎಲ್ಲಿವರೆಗೆ ಮ್ಯೂಸಿಕ್ ಬೇಕು ಅಂತ ಗುರುತು ಹಾಕ್ತಾರೆ, ಅದಕ್ಕೆ ಸ್ಪಾಟಿಂಗ್ ಅಂತಾರೆ, ಒಂದೊಂದು ತುಣುಕಿಗೆ ಕ್ಯೂ ಅಂತಾರೆ. ಆಮೇಲೆ ಎಲ್ಲಾ ಲೆಕ್ಕ. ಫಿಲ್ಮ್ ಒಂದು ಸೆಕೆಂಡಿಗೆ 24 ಫ್ರೇಮ್ ಓಡತ್ತೆ, ನಿಮಿಷಕ್ಕೆ 1440, ಹಾಗಾಗಿ ನಿಮಿಷಕ್ಕೆ 120 ಬೀಟ್ ಟೆಂಪೋ ಇಟ್ಕೊಂಡ್ರೆ ಸರಿಯಾಗಿ 12 ಫ್ರೇಮಿಗೊಂದು ಬೀಟ್ ಬೀಳತ್ತೆ. ಬಾಗಿಲು ತೆರೆಯೋದು ಇಷ್ಟನೇ ಫ್ರೇಮಲ್ಲಿ, ಅವಳು ತಿರುಗೋದು ಇಷ್ಟನೇ ಫ್ರೇಮಲ್ಲಿ ಅಂತ ಗೊತ್ತಿದ್ರೆ ಯಾವ ಬೀಟಿಗೆ ಹಾರ್ನ್ ಬರಬೇಕು ಅಂತ ಮೊದಲೇ ಕೂಡಿಸಿ ಕಳೆದು ಬರೀಬಹುದು. ರೆಕಾರ್ಡಿಂಗ್ ಹೊತ್ತಲ್ಲಿ ವಾದ್ಯದೋರ ಕಿವಿಗೆ ಕ್ಲಿಕ್ ಕ್ಲಿಕ್ ಅಂತ ತಾಳ ಕೇಳಿಸ್ತಾರೆ. ಇದು ತುಂಬಾ ದೊಡ್ಡ ಕುಶಲತೆ, ನನಗೆ ಅದರ ಮೇಲೆ ಬಹಳ ಗೌರವ ಇದೆ, ಹೀಗೆ ಕಟ್ಟಿದ ಎಷ್ಟೋ ಒಳ್ಳೇ ಸೀನ್‌ಗಳಿವೆ.

ಚಿತ್ರವನ್ನ ಹೆಜ್ಜೆ ಹೆಜ್ಜೆಗೂ ಹಿಂಬಾಲಿಸೋ ಶೈಲಿಗೆ ಮಿಕ್ಕಿ ಮೌಸಿಂಗ್ ಅನ್ನೋ ಹೆಸರೇ ಇದೆ. 1933ರ 'ಕಿಂಗ್ ಕಾಂಗ್'ನಲ್ಲಿ ಕಂಪೋಸರ್ ಮ್ಯಾಕ್ಸ್ ಸ್ಟೈನರ್ ಅವರು ಆ ದೈತ್ಯ ಗೊರಿಲ್ಲಾ ಇರೋ ದ್ವೀಪದ ಮುಖ್ಯಸ್ಥ ಮೆಟ್ಟಿಲಿಳಿಯೋ ಒಂದೊಂದು ಹೆಜ್ಜೆಗೂ ಒಂದೊಂದು ಸ್ವರ ಇಟ್ಟಿದಾರೆ. ಈಗ ನೋಡಿದ್ರೆ ಸ್ವಲ್ಪ ಜಾಸ್ತಿ ಅನ್ಸತ್ತೆ, ಆದ್ರೆ ಸಿನಿಮಾಕ್ಕೆ ಮಾತು ಬಂದು ಆಗಿನ್ನೂ ಕೆಲವೇ ವರ್ಷ, ಇಡೀ ಆರ್ಕೆಸ್ಟ್ರಾ ಇಟ್ಕೊಂಡು ಒಂದು ಬೊಂಬೆ ಗೊರಿಲ್ಲಾಗೆ ಜೀವ ತುಂಬಬೇಕಿತ್ತು, ಅವರು ತುಂಬಿದ್ರು.

ಮ್ಯೂಸಿಕ್ ಚಿತ್ರದ ಹಿಂದೆ ಓಡೋದು, ಚಿತ್ರ ಮ್ಯೂಸಿಕ್ ಹಿಂದೆ ಓಡೋದು, ಈ ಎರಡರ ಮಧ್ಯೆ ನಡೆದ ಒಂದು ಘಟನೆ ನನಗೆ ತುಂಬಾ ಇಷ್ಟ. 1982ರ 'ಇ.ಟಿ.' ಸಿನಿಮಾದ ಕೊನೇ ಭಾಗ. ಮಕ್ಕಳು ಸೈಕಲಲ್ಲಿ ಬೇರೆ ಗ್ರಹದಿಂದ ಬಂದ ಇ.ಟಿ.ನ ಕೂರಿಸ್ಕೊಂಡು ಓಡಿಹೋಗೋದು, ಪೊಲೀಸ್ ಬೆನ್ನಟ್ಟೋದು, ಸೈಕಲ್ ಹಾರೋದು, ಕಾಡಲ್ಲಿ ಇಳಿಯೋದು, ವಿದಾಯ, ಅದು ಆಕಾಶನೌಕೆ ಏರಿ ಹೋಗೋದು, ಸುಮಾರು 15 ನಿಮಿಷ ಮ್ಯೂಸಿಕ್ ನಿಲ್ಲೋದೇ ಇಲ್ಲ. ಇಷ್ಟು ಉದ್ದದಲ್ಲಿ ಅಷ್ಟೊಂದು ಜಾಗಗಳಲ್ಲಿ ಕರೆಕ್ಟಾಗಿ ಬೀಟ್ ಬೀಳಬೇಕು. ಕಂಪೋಸರ್ ಜಾನ್ ವಿಲಿಯಮ್ಸ್ ರೆಕಾರ್ಡಿಂಗಲ್ಲಿ ಎಷ್ಟು ಸಲ ಪ್ರಯತ್ನ ಪಟ್ರೂ ಫಿಲ್ಮಿಗೂ ಆರ್ಕೆಸ್ಟ್ರಾಗೂ ಕೂಡ್ತಿರಲಿಲ್ಲ, ಕೂಡಿದಾಗ ನುಡಿಸೋದ್ರಲ್ಲಿ ಜೀವ ಇರ್ತಿರಲಿಲ್ಲ. ಆಗ ಡೈರೆಕ್ಟರ್ ಸ್ಪೀಲ್‌ಬರ್ಗ್ ಫಿಲ್ಮ್ ಓಡಿಸೋದು ನಿಲ್ಲಿಸಿಬಿಟ್ರು. ಕಾನ್ಸರ್ಟಲ್ಲಿ ನುಡಿಸಿದಂಗೆ ನುಡಿಸಿ, ನಾನು ಎಡಿಟ್ ಸರಿ ಮಾಡ್ಕೋತೀನಿ ಅಂದ್ರು. ಮಾಡ್ಕೊಂಡ್ರು ಕೂಡ. ಆ ವಿದಾಯದ ಸೀನಲ್ಲಿ ಆರ್ಕೆಸ್ಟ್ರಾ ಒಂದು ಕ್ಷಣ ಉಸಿರು ಹಿಡಿದು ಆಮೇಲೆ ಬಿಡತ್ತಲ್ಲ, ಮನುಷ್ಯರು ನುಡಿಸುವಾಗ ಮಾತ್ರ ಬರೋ ಆ ಸಣ್ಣ ಎಳೆತ, ಕ್ಲಿಕ್ ಲೆಕ್ಕದಲ್ಲಿ ಅದು ಸಿಗಲ್ಲ. ನನಗೆ ಚಿಕ್ಕ ವಯಸ್ಸಲ್ಲೇ ಅಲ್ಲಿ ಅಳು ಬರ್ತಿತ್ತು, ಈಗಲೂ ಬರತ್ತೆ. ಯಾಕೆ ಅಂತ ಗೊತ್ತಾದ ಮೇಲೂ ಬರತ್ತೆ.

ಇದನ್ನೆಲ್ಲ ಒಬ್ಬ ಗೆಳೆಯನ ಹತ್ರ ಹೇಳ್ತಿದ್ದೆ. ಅವನು ಕೇಳಿದ ಪ್ರಶ್ನೆ ಸುಮ್ನೆ ತಳ್ಳಿಹಾಕೋ ಥರದ್ದಲ್ಲ. ಮ್ಯೂಸಿಕ್ ತೆಗೆದ್ರೆ ಸೀನ್ ಬಿದ್ದುಹೋಗತ್ತೆ ಅಂತ ನೀನೇ ಹೇಳ್ತಿದೀಯಲ್ಲೋ, ಹಂಗಿದ್ರೆ ಆ ಸೀನ್ ಸ್ವಂತ ಕಾಲ ಮೇಲೆ ನಿಂತಿಲ್ಲ ಅಂತ ತಾನೇ ಅರ್ಥ, ಅದು ಮೋಸ ಅಲ್ವಾ, ನಮ್ಮ ಕಿವಿ ಹಿಂಡಿ ಅಳಿಸಿದಂಗೆ ಅಲ್ವಾ ಅಂದ. ನಾನು ಆಗ ಸರಿಯಾಗಿ ಉತ್ತರ ಕೊಡಲಿಲ್ಲ, ಈಗ ಕೊಡ್ತೀನಿ. ಕಿವಿ ಹಿಂಡೋ ಮ್ಯೂಸಿಕ್ ಇದೆ ಕಣೋ, ಬೇಕಾದಷ್ಟಿದೆ. ನಟ ಅಳೋವಾಗ ವಯೊಲಿನ್ನೂ ಅಳೋದು, ಓಡೋವಾಗ ಡ್ರಮ್ಮೂ ಓಡೋದು, ಎರಡು ಗಂಟೆ ಒಂದು ನಿಮಿಷ ಬಿಡದೆ ಗೋಡೆಯಿಂದ ಗೋಡೆಗೆ ಸುರಿಯೋದು. ಅದು ನನಗೂ ಇಷ್ಟ ಇಲ್ಲ, ಅದು ನೋಡೋರನ್ನ ನಂಬದೇ ಇರೋದ್ರ ಗುರುತು. ಆದ್ರೆ ಬೆಳಕು ತೆಗೆದ್ರೂ ಸೀನ್ ಬಿದ್ದುಹೋಗತ್ತೆ. ಎಡಿಟ್ ಬದಲಾಯಿಸಿದ್ರೂ ಬಿದ್ದುಹೋಗತ್ತೆ. ಅವೆಲ್ಲ ಸೀನಿನ ಒಳಗಿನವು ಅಂತ ಒಪ್ಕೊಂಡಿದೀವಿ, ಮ್ಯೂಸಿಕ್ ಮಾತ್ರ ಮೇಲೆ ಸುರಿದ ಸಾಸ್ ಅಂದ್ಕೊಂಡಿದೀವಿ. ನಮ್ಮ ಮಾತಲ್ಲೇ ಇದೆ ನೋಡಿ, ಹಿನ್ನೆಲೆ ಸಂಗೀತ ಅಂತೀವಿ, ಹಿಂದೆ ಎಲ್ಲೋ ನಿಂತಿದೆ ಅನ್ನೋ ಹಂಗೆ. ಜಿಲ್ ಸೀನಲ್ಲಿ ಅದು ಮುಂದೆ ನಿಂತಿದೆ, ಹಿಂದೆ ನಿಂತಿರೋದು ಊರು.

'ಸೈಕೋ' ಇದಕ್ಕೆ ಒಳ್ಳೇ ಜೊತೆ, ಅದರಲ್ಲೂ ಒಬ್ಬ ಹೆಂಗಸು ಪ್ರಯಾಣ ಮಾಡ್ತಾಳೆ. 1960, ಡೈರೆಕ್ಟರ್ ಹಿಚ್‌ಕಾಕ್, ಕಂಪೋಸರ್ ಬರ್ನಾರ್ಡ್ ಹರ್ಮನ್. ಶವರ್ ಸೀನಿನ ಆ ಚೀರೋ ವಯೊಲಿನ್ ಎಲ್ಲರಿಗೂ ಗೊತ್ತು, ಹಿಚ್‌ಕಾಕ್ ಅಲ್ಲಿ ಮ್ಯೂಸಿಕ್ಕೇ ಬೇಡ ಅಂದಿದ್ರು, ಹರ್ಮನ್ ಬರೆದು ಕೇಳಿಸಿದ ಮೇಲೆ ಮನಸ್ಸು ಬದಲಾಯಿಸಿದ್ರು, ಅದೂ ಗೊತ್ತು. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಅದಕ್ಕೆ ಮುಂಚಿನ ಕಾರ್ ಸೀನ್. ಮೇರಿಯನ್ 40,000 ಡಾಲರ್ ಕದ್ದು ಕಾರ್ ಓಡಿಸ್ಕೊಂಡು ಹೋಗ್ತಿದಾಳೆ, ಮಳೆ, ವೈಪರ್. ಮ್ಯೂಟ್ ಮಾಡಿ ನೋಡಿ, ಮಳೇಲಿ ಒಬ್ಬಳು ಕಾರ್ ಓಡಿಸ್ತಿದಾಳೆ ಅಷ್ಟೇ. ಹರ್ಮನ್ ಅಲ್ಲಿ ಬರೀ ತಂತಿ ವಾದ್ಯ ಇಟ್ಟಿದಾರೆ, ಇಡೀ ಸಿನಿಮಾಗೇ ಅಷ್ಟೇ, ಬ್ರಾಸ್ ಇಲ್ಲ ಡ್ರಮ್ ಇಲ್ಲ, ಕಪ್ಪು ಬಿಳುಪು ಸಿನಿಮಾಕ್ಕೆ ಕಪ್ಪು ಬಿಳುಪು ಸದ್ದು. ಆ ತಂತಿಗಳು ಒಂದೇ ಸಣ್ಣ ತುಣುಕನ್ನ ಕಚ್ಚಿಕೊಂಡು ಬಿಡೋದೇ ಇಲ್ಲ, ತಿರುಗಿ ತಿರುಗಿ ಅಲ್ಲಿಗೇ ಬರ್ತವೆ. ಕಾರ್ ಮುಂದೆ ಹೋಗ್ತಿದೆ, ಮ್ಯೂಸಿಕ್ ಮುಂದೆ ಹೋಗ್ತಿಲ್ಲ. ಅವಳು ಎಷ್ಟು ದೂರ ಓಡಿಸಿದ್ರೂ ತಪ್ಪಿಸ್ಕೊಳ್ಳಲ್ಲ ಅಂತ ಕಿವಿಗೆ ಗೊತ್ತಾಗಿಬಿಡತ್ತೆ. ಜಿಲ್ ನಡೆಯೋದು ನಾಲ್ಕು ಹೆಜ್ಜೆ, ಒಂದು ದೇಶ ತೆರ್ಕೊಳ್ಳತ್ತೆ. ಮೇರಿಯನ್ ಹೋಗೋದು ನೂರಾರು ಮೈಲಿ, ಬೋನು ಚಿಕ್ಕದಾಗ್ತಾ ಹೋಗತ್ತೆ.

ಇನ್ನೊಂದು ಮಾತು, ನಂಬಿಕೆ ಬಗ್ಗೆ. 1975ರ ಶಾರ್ಕ್ ಸಿನಿಮಾ 'ಜಾಸ್'ನ ಆ ಪಕ್ಕಪಕ್ಕದ ಎರಡು ಸ್ವರ ಕೇಳದೇ ಇರೋರಿಲ್ಲ. ಆದ್ರೆ ಅದು ಎಲ್ಲಿ ಇಲ್ಲ ಅಂತ ಗಮನಿಸಿದೀರಾ? ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಕೊಂಡು ನೀರಲ್ಲಿ ಜನರನ್ನ ಹೆದರಿಸ್ತಾರಲ್ಲ, ಬೀಚಲ್ಲಿ ಎಲ್ಲರೂ ಕಿರುಚ್ಕೊಂಡು ಓಡ್ತಾರೆ, ಅಲ್ಲಿ ಆ ಮ್ಯೂಸಿಕ್ ಬರಲ್ಲ. ಶಾರ್ಕ್ ಇಲ್ಲ, ಅದಕ್ಕೇ ಸ್ವರ ಇಲ್ಲ. ಇದಕ್ಕೂ ಮ್ಯೂಸಿಕ್ ಮಾಡಿದ ವಿಲಿಯಮ್ಸ್ ಸುಳ್ಳು ಹೇಳಲಿಲ್ಲ. ಹಂಗೆ ನಮ್ಮ ನಂಬಿಕೆ ಗಳಿಸ್ಕೊಂಡು, ಆ ಸ್ವರ ಬಂದ್ರೆ ಮಾತ್ರ ಶಾರ್ಕ್ ಅಂತ ಕಲಿಸಿ, ಆಮೇಲೆ ಒಂದು ಸಲ ಪೊಲೀಸ್ ಮುಖ್ಯಸ್ಥ ಬ್ರಾಡಿ ದೋಣಿಯಿಂದ ನೀರಿಗೆ ಮೀನಿನ ತುಂಡು ಎಸೀತಾ ಮಾತಾಡ್ತಿರೋವಾಗ ಸ್ವರ ಇಲ್ದೇನೇ ಶಾರ್ಕ್ ತಲೆ ಎತ್ತತ್ತೆ. ಆ ಹೊಡೆತ ಬೀಳೋದು ಅಷ್ಟು ಹೊತ್ತು ಪ್ರಾಮಾಣಿಕವಾಗಿದ್ದಕ್ಕೆ. ಮೊದಲಿಂದ ಸುಮ್ಸುಮ್ನೆ ಹೆದರಿಸಿದ್ರೆ ಇದು ಸಿಗ್ತಿರಲಿಲ್ಲ.

ಲಿಯೋನೆ ಸಿನಿಮಾದಲ್ಲೂ ಇದೇ ಶಿಸ್ತಿದೆ. ನಾಲ್ಕು ಮುಖ್ಯ ಪಾತ್ರ, ಒಬ್ಬೊಬ್ಬರ ಜೊತೆ ಅವರದೇ ಸದ್ದು. ಡಕಾಯಿತ ಷೆಯೆನ್‌ಗೆ ಬ್ಯಾಂಜೋ, ಕುದುರೆ ನಡೆದಂಗೆ ತಾಳ. ಮೊದಲ ಸೀನಲ್ಲಿ ಹಳಿ ಆ ಕಡೆ ನಿಂತು ಊದ್ತಿದ್ದ ಮನುಷ್ಯನ ಹೆಸರೂ ಹಾರ್ಮೋನಿಕಾನೇ, ಅವನದೂ ಮೆಕ್‌ಬೇನ್ ಮನೆಯವರನ್ನ ಕೊಂದ ಫ್ರಾಂಕ್‌ದೂ ಒಂದಕ್ಕೊಂದು ಹೆಣೆದುಕೊಂಡ ಸದ್ದು, ಯಾಕೆ ಅಂತ ಅವರಿಬ್ಬರ ಕೊನೇ ದ್ವಂದ್ವ ಯುದ್ಧದಲ್ಲಿ ಗೊತ್ತಾಗತ್ತೆ. ಜಿಲ್‌ದು ಮಾತ್ರ ಆರ್ಕೆಸ್ಟ್ರಾ ಪೂರ್ತಿ ತೆರ್ಕೊಳ್ಳೋ ಟ್ಯೂನ್. ಗಂಡಸರ ಸದ್ದೆಲ್ಲ ಗಿಟಾರ್, ಹಾರ್ಮೋನಿಕಾ, ಬ್ಯಾಂಜೋ, ಜೇಬಲ್ಲಿ ಹೆಗಲಲ್ಲಿ ಹೊತ್ಕೊಂಡು ಹೋಗಬಹುದಾದಂಥವು, ಊರಿಂದೂರಿಗೆ ಅಲೆಯೋರದ್ದು. ಆರ್ಕೆಸ್ಟ್ರಾ ಹೊತ್ಕೊಂಡು ಅಲೆಯೋಕಾಗಲ್ಲ, ಅದಕ್ಕೆ ಒಂದು ಕಡೆ ನೆಲೆ ಬೇಕು. ಇದನ್ನ ಮೊರಿಕೋನೆ ಬೇಕಂತಲೇ ಮಾಡಿದ್ರಾ ಅನ್ನೋ ವಾದಕ್ಕೆ ನಾನು ಹೋಗಲ್ಲ, ನನ್ನ ಕಿವಿಗೆ ಹಾಗೆ ಕೇಳತ್ತೆ.

ನೀವೂ ಮೂರು ಸುತ್ತು ಮಾಡಿ ನೋಡೋದಾದ್ರೆ ಎರಡನೇ ಸುತ್ತಲ್ಲಿ ದನಿ ಹಿಂದೆ ಹೋಗಬೇಡಿ, ಅದು ಹೆಂಗಿದ್ರೂ ಕೇಳತ್ತೆ. ಕೆಳಗಿನ ತಂತಿಗಳ ಮೇಲೆ ಗಮನ ಇಡಿ. ಆಮೇಲೆ ಸೀದಾ ಕೊನೇ ಸೀನಿಗೆ ಹೋಗಿ, ದ್ವಂದ್ವ ಎಲ್ಲಾ ಮುಗಿದ ಮೇಲಿನದು. ಹಳಿ ಜಿಲ್ ಮನೆ ಹತ್ರಕ್ಕೆ ಬಂದಿದೆ, ಟ್ರೇನ್ ಬಂದಿದೆ, ಬಿಸಿಲಲ್ಲಿ ಕೆಲಸ ಮಾಡ್ತಿರೋ ಜನಕ್ಕೆ ಅವಳು ನೀರು ತಗೊಂಡು ಹೋಗ್ತಾಳೆ. ಗನ್ ಹಿಡಿದೋರಲ್ಲಿ ಕೆಲವರು ಸತ್ತಿದಾರೆ, ಉಳಿದವನು ಹೊರಟು ಹೋಗ್ತಿದಾನೆ. ಅದೇ ಟ್ಯೂನ್, ಅದೇ ಎಡ್ಡಾ ದನಿ. ಅವತ್ತು ಅವಳನ್ನ ಕರ್ಕೊಂಡು ಹೋಗೋಕೆ ಯಾರೂ ಬರಲಿಲ್ಲ, ಇವತ್ತು ಆ ಜನರೆಲ್ಲ ಅವಳ ಸುತ್ತ ಬಂದು ಸೇರ್ತಿದಾರೆ, ಮ್ಯೂಸಿಕ್ ಮಾತ್ರ ಒಂದು ಸ್ವರಾನೂ ಬದಲಾಯಿಸ್ದೇ ಅವತ್ತು ಛಾವಣಿ ಮೇಲೆ ಹೇಳಿದ್ದನ್ನೇ ಹೇಳ್ತಿದೆ ಅಂತ ಅನ್ಸತ್ತೆ ನನಗೆ.